ನಮ್ಮಂಥವರು ಇನ್ಯಾರಿದ್ದಾರೆ? ಡೌನ್ ಸಿಂಡ್ರೋಮ್ ಮಕ್ಕಳ ಪಾಲಕರು ಗುಂಪು ಕಟ್ಟಿಕೊಳ್ಳುವ ಬಗೆ

ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಒಮ್ಮೆ ಕುಂದಗೋಳದಿಂದ, ಒಮ್ಮೆ ನವಲಗುಂದದಿಂದ, ಒಮ್ಮೆ ರಾಣೆಬೆನ್ನೂರಿನಿಂದ. "ಮಗುವಿಗೆ ಡೌನ್ ಸಿಂಡ್ರೋಮ್ ಅಂದಿದ್ದಾರೆ. ನಮ್ಮಂಥವರು ಈ ಕಡೆ ಇನ್ಯಾರಿದ್ದಾರೆ? ಗುಂಪು ಏನಾದರೂ ಇದೆಯಾ?" ಕೇಳುವವರಿಗೆ ಬೇಕಾಗಿರುವುದು ಭಾಷಣ ಅಲ್ಲ, ಫೋನ್ ಮಾಡಿದರೆ ಎತ್ತಿ ಮಾತಾಡುವ ಇನ್ನೊಬ್ಬ ತಾಯಿ, ಇನ್ನೊಬ್ಬ ಅಪ್ಪ. ಅಂಥವರನ್ನು ಹುಡುಕಿ, ತಿಂಗಳಿಗೊಮ್ಮೆ ಕೂಡುವ ಸಣ್ಣ ಗುಂಪು ಮಾಡಿಕೊಳ್ಳುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ನನ್ನ ತಂಗಿಗೂ ಡೌನ್ ಸಿಂಡ್ರೋಮ್ ಇದೆ. ಹಾಗಾಗಿ ಇದರಲ್ಲಿ ಕೆಲವು ಪೆಟ್ಟು ತಿಂದು ಕಲಿತದ್ದು.

ಮೊದಲೇ ಒಂದು ಮಾತು. ಹೊಸ ಗುಂಪುಗಳು ಹುಟ್ಟಿದ ತಕ್ಷಣ ಜಾಗೃತಿ ಜಾಥಾ ಮಾಡಲು ಓಡುತ್ತವೆ. ಬ್ಯಾನರ್, ಟೀ ಶರ್ಟ್, ಪೇಪರಿನಲ್ಲಿ ಫೋಟೊ. ಮರುತಿಂಗಳ ಸಭೆಗೆ ಇಬ್ಬರು ಬರುತ್ತಾರೆ. ಗುಂಪು ಉಳಿಯಬೇಕು ಅಂದರೆ ಮೊದಲ ವರ್ಷ ಎರಡೇ ಕೆಲಸ ಹಿಡಿಯಿರಿ: ಮಕ್ಕಳ ಆರೋಗ್ಯದ ತಪಾಸಣೆ, ಮಕ್ಕಳ ಕಾಗದಪತ್ರ. ಇವೆರಡರಲ್ಲಿ ಒಬ್ಬರಿಗೆ ಸಹಾಯ ಆಯಿತು ಅಂದರೆ ಅವರೇ ಇನ್ನೊಬ್ಬರನ್ನು ಕರೆದುಕೊಂಡು ಬರುತ್ತಾರೆ.

ಬೇಕಾಗುವುದು ಇಷ್ಟೇ: ಮೂರು ನಾಲ್ಕು ಕುಟುಂಬ, ಒಂದು ಕೋಣೆ, ಇನ್ನೂರು ಪುಟದ ಒಂದು ನೋಟ್‌ಬುಕ್, ಚಹಾದ ದುಡ್ಡು. ಅಧ್ಯಕ್ಷರು ಸದ್ಯಕ್ಕೆ ಬೇಡ.

ಹಂತ 1: ಮೊದಲು ನೀವೇ ಉತ್ತರ ಕಲಿಯಿರಿ

ನಿಮ್ಮನ್ನು ಹುಡುಕಿಕೊಂಡು ಬರುವವರು ಅಳುತ್ತಾ ಬರುತ್ತಾರೆ, ಕೇಳುವ ಮೊದಲ ಪ್ರಶ್ನೆ "ಯಾಕೆ ಹೀಗಾಯಿತು?" ಅಂತ. ತಪ್ಪು ಉತ್ತರ ಕೊಟ್ಟರೆ ಆ ತಾಯಿಯ ಹೆಗಲ ಮೇಲೆ ಇನ್ನೊಂದು ಮೂಟೆ ಇಟ್ಟ ಹಾಗೆ.

ಮನುಷ್ಯನ ಜೀವಕೋಶಗಳಲ್ಲಿ ಸಾಮಾನ್ಯವಾಗಿ 23 ಜೋಡಿ ಕ್ರೋಮೋಸೋಮ್ ಇರುತ್ತವೆ. ಕ್ರೋಮೋಸೋಮ್ ಅಂದರೆ ಅಪ್ಪ ಅಮ್ಮನಿಂದ ಬರುವ ಗುಣಗಳನ್ನು ಹೊತ್ತಿರುವ ಎಳೆ. ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೇ ಜೋಡಿಯಲ್ಲಿ ಎರಡರ ಬದಲು ಮೂರು ಎಳೆ ಇರುತ್ತವೆ. ಅಷ್ಟೇ. ಇದು ಹರಡುವ ರೋಗ ಅಲ್ಲ, ಮಾಸಿಹೋಗುವ ಜ್ವರವೂ ಅಲ್ಲ. ಬ್ರಿಟಿಷ್ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ 1866ರಲ್ಲಿ ಇದರ ಲಕ್ಷಣಗಳನ್ನು ಬರೆದಿಟ್ಟರು, ಅದಕ್ಕೇ ಆ ಹೆಸರು. ಮೂರನೇ ಎಳೆಯ ವಿಷಯ ಗೊತ್ತಾಗಿದ್ದು 1959ರಲ್ಲಿ. ಸುಮಾರು 800ರಿಂದ 1000 ಹೆರಿಗೆಗೆ ಒಂದು ಮಗು ಹೀಗೆ ಹುಟ್ಟುತ್ತದೆ, ಎಲ್ಲ ದೇಶಗಳಲ್ಲೂ, ಎಲ್ಲ ಜಾತಿಗಳಲ್ಲೂ.

ನಮ್ಮ ಕಡೆ ಬರುವ ಮೂರು ಮಾತಿಗೆ ಉತ್ತರ ಸಿದ್ಧ ಇರಲಿ. "ಗ್ರಹಣದಾಗ ಹೊರಗ ಹೋಗಿದ್ಳೇನ?" ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. "ಸೋದರಮಾವಗ ಕೊಟ್ಟಿದ್ದಕ್ಕ ಹಿಂಗಾತು." ಸಂಬಂಧದಲ್ಲಿ ಮದುವೆಯಾದರೆ ಬೇರೆ ಕೆಲವು ಅನುವಂಶಿಕ ಕಾಯಿಲೆಗಳ ಅಪಾಯ ಹೆಚ್ಚುವುದು ನಿಜ, ಆದರೆ ಡೌನ್ ಸಿಂಡ್ರೋಮ್ ಬರುವುದು ಹಾಗಲ್ಲ. ನೂರರಲ್ಲಿ ಸುಮಾರು 95 ಮಕ್ಕಳಲ್ಲಿ ಅದು ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗ ಎಳೆ ಬೇರೆಯಾಗದೆ ಉಳಿದದ್ದು, ಸುಮ್ನೆ ಆಕಸ್ಮಿಕ. ಮೂರನೆಯದು, "ವಯಸ್ಸಾದ ಮ್ಯಾಲೆ ಹಡೆದಳು." ತಾಯಿಯ ವಯಸ್ಸು 35 ದಾಟಿದಂತೆ ಸಾಧ್ಯತೆ ಏರುತ್ತದೆ, ಸರಿ. ಆದರೆ ಚಿಕ್ಕ ವಯಸ್ಸಿನ ತಾಯಂದಿರೇ ಜಾಸ್ತಿ ಹೆರುವುದರಿಂದ ಇಂಥ ಎಷ್ಟೋ ಮಕ್ಕಳ ತಾಯಂದಿರು ಇಪ್ಪತ್ತರ ಆಸುಪಾಸಿನವರೇ ಆಗಿರುತ್ತಾರೆ.

ಒಂದು ಪರೀಕ್ಷೆಯ ಹೆಸರು ನೆನಪಿಡಿ: ಕ್ಯಾರಿಯೋಟೈಪ್. ರಕ್ತ ತೆಗೆದು ಕ್ರೋಮೋಸೋಮ್ ಎಣಿಸುವ ಪರೀಕ್ಷೆ. ಮುಖ ನೋಡಿ ವೈದ್ಯರು ಅಂದಾಜು ಹೇಳಬಹುದು, ಖಾತ್ರಿ ಆಗುವುದು ಇದರಿಂದಲೇ. ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ನೂರರಲ್ಲಿ ಮೂರು ನಾಲ್ಕು ಮಕ್ಕಳಲ್ಲಿ ಹೆಚ್ಚಿನ ಎಳೆ ಬೇರೆ ಕ್ರೋಮೋಸೋಮಿಗೆ ಅಂಟಿಕೊಂಡಿರುತ್ತದೆ, ಅದಕ್ಕೆ ಟ್ರಾನ್ಸ್‌ಲೊಕೇಶನ್ ಅನ್ನುತ್ತಾರೆ. ರಿಪೋರ್ಟಿನಲ್ಲಿ ಆ ಪದ ಕಂಡರೆ ಅಪ್ಪ ಅಮ್ಮ ಇಬ್ಬರೂ ಪರೀಕ್ಷೆ ಮಾಡಿಸಬೇಕು, ಮುಂದಿನ ಮಗುವಿನ ವಿಷಯದಲ್ಲಿ ಅದು ಮುಖ್ಯ.

ಮಾತಿನ ಬಗ್ಗೆಯೂ ಒಂದು ನಿಯಮ ಮಾಡಿಕೊಳ್ಳಿ. "ಹುಚ್ಚ", "ಮಂದಬುದ್ಧಿ", "ಮಂಗೋಲ್" ಯಾವುದೂ ಬೇಡ. "ದೇವರ ಮಗು" ಅನ್ನುವುದೂ ನನಗೆ ಅಷ್ಟಕ್ಕಷ್ಟೇ. ಪ್ರೀತಿಯಿಂದಲೇ ಅನ್ನುತ್ತಾರೆ, ಆದರೆ ದೇವರ ಮಗುವನ್ನು ಯಾರೂ ಶಾಲೆಗೆ ಸೇರಿಸಿಕೊಳ್ಳುವುದಿಲ್ಲ. ಹೆಸರು ಹಿಡಿದು ಕರೆಯಿರಿ.

ಹಂತ 2: ಕುಟುಂಬಗಳನ್ನು ಹುಡುಕಿ

ಎಲ್ಲರೂ ಮಾಡುವ ತಪ್ಪು ಅಂದರೆ ಆಸ್ಪತ್ರೆಗೆ ಹೋಗಿ "ಇಂಥ ಮಕ್ಕಳ ಪಟ್ಟಿ ಕೊಡಿ" ಅನ್ನುವುದು. ಕೊಡುವುದಿಲ್ಲ, ಕೊಡಲೂಬಾರದು. ಅದರ ಬದಲು ನಿಮ್ಮ ನಂಬರ್ ಕೊಟ್ಟು ಬನ್ನಿ. ಅಂಗೈ ಅಗಲದ ಚೀಟಿ, ಅದರಲ್ಲಿ ಮೂರು ಸಾಲು: ನಾವೂ ಡೌನ್ ಸಿಂಡ್ರೋಮ್ ಮಗುವಿನ ಪಾಲಕರು, ಮಾತಾಡಬೇಕು ಅನಿಸಿದರೆ ಫೋನ್ ಮಾಡಿ, ಸಂಜೆ ಇಷ್ಟರಿಂದ ಇಷ್ಟು ಗಂಟೆ.

ಈ ಚೀಟಿ ಎಲ್ಲೆಲ್ಲಿ ಇಡಬೇಕು? ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯ (ಈಗಿನ ಹೆಸರು ಕೆ.ಎಂ.ಸಿ.ಆರ್.ಐ.) ಮಕ್ಕಳ ವಿಭಾಗ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಧಾರವಾಡ ಜಿಲ್ಲಾಸ್ಪತ್ರೆ. ಗದಗಿನವರಿಗೆ ಜಿಮ್ಸ್ ಆಸ್ಪತ್ರೆ, ಹಾವೇರಿಯವರಿಗೆ ಅಲ್ಲಿನ ಜಿಲ್ಲಾಸ್ಪತ್ರೆ. ಡಿ.ಇ.ಐ.ಸಿ. ಅನ್ನುವ ಕೇಂದ್ರವನ್ನು ಮರೆಯಬೇಡಿ. ಬೆಳವಣಿಗೆ ನಿಧಾನ ಇರುವ ಮಕ್ಕಳಿಗೆ ಬೇಗ ತರಬೇತಿ ಶುರು ಮಾಡಲು ಇರುವ ಜಿಲ್ಲಾ ಕೇಂದ್ರ ಅದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಭಾಗ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಈ ಕಾರ್ಯಕ್ರಮ ಗುರುತಿಸುವ ತೊಂದರೆಗಳ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಹೆಸರು ಹಿಡಿದು ಸೇರಿದೆ.

ಹಳ್ಳಿಯಲ್ಲಾದರೆ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಜೊತೆಗೆ ವಿ.ಆರ್.ಡಬ್ಲ್ಯೂ. ಕೊನೆಯದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ವಿಕಲಚೇತನರಿಗಾಗಿ ಇರುವ ಕಾರ್ಯಕರ್ತರು. ತಾಲೂಕಿನಲ್ಲಿ ಇದೇ ಕೆಲಸಕ್ಕೆ ಎಂ.ಆರ್.ಡಬ್ಲ್ಯೂ ಇರುತ್ತಾರೆ. ನಿಮ್ಮ ಊರಿನ ಯಾವ ಮನೆಯಲ್ಲಿ ಯಾವ ಮಗು ಇದೆ ಅಂತ ಇವರಷ್ಟು ಗೊತ್ತಿರುವವರು ಇನ್ನೊಬ್ಬರಿಲ್ಲ.

ಹಂತ 3: ಮೊದಲ ಸಭೆ

ಜಾಗ ಆಸ್ಪತ್ರೆಯಲ್ಲಿ ಬೇಡ. ಆಸ್ಪತ್ರೆ ಮೆಟ್ಟಿಲು ಹತ್ತಿ ಹತ್ತಿ ಎಲ್ಲರಿಗೂ ಸಾಕಾಗಿರುತ್ತದೆ. ಹುಬ್ಬಳ್ಳಿ ಮತ್ತು ಧಾರವಾಡ ಎರಡೂ ಕಡೆಯವರು ಇದ್ದರೆ ಚಿಗರಿ ಬಸ್ಸಿನ ದಾರಿಯಲ್ಲಿ ನಡುವೆ ಎಲ್ಲಾದರೂ ನೋಡಿ, ಉಣಕಲ್ ಅಥವಾ ನವನಗರದ ಹತ್ತಿರ. ಒಂದು ಶಾಲೆಯ ಕೋಣೆ, ಸಮುದಾಯ ಭವನ, ಯಾರದಾದರೂ ದೊಡ್ಡ ಪಡಸಾಲೆ. ರವಿವಾರ ಬೆಳಿಗ್ಗೆ ಹನ್ನೊಂದಕ್ಕೆ ಶುರು, ಒಂದಕ್ಕೆ ಮುಗಿಯಬೇಕು. ಮಕ್ಕಳು ಹೊರಗೆ ಓಡಿ ರಸ್ತೆಗೆ ಬೀಳದಂತೆ ಬಾಗಿಲು ಇರಲಿ. ಇದು ತಮಾಷೆ ಅಲ್ಲ, ಬಾಗಿಲು ತೆರೆದಿದ್ದರೆ ಮಾಯವಾಗುವ ಮಕ್ಕಳು ಪ್ರತಿ ಗುಂಪಿನಲ್ಲೂ ಇಬ್ಬರು ಇರುತ್ತಾರೆ.

ಅಪ್ಪಂದಿರನ್ನು ಕರೆಯಿರಿ. "ಹೆಂಡತಿ ಬರ್ತಾಳ್ರಿ, ನಂದು ಅಂಗಡಿ ಐತಿ" ಅನ್ನುತ್ತಾರೆ. ಬಿಡಬೇಡಿ. ಅಜ್ಜಿಯರನ್ನಂತೂ ಕರೆಯಲೇಬೇಕು. ಮನೆಯಲ್ಲಿ ಯಾವ ಔಷಧಿ, ಯಾವ ದೇವರು, ಯಾವ ಶಾಲೆ ಅಂತ ತೀರ್ಮಾನ ಮಾಡುವವರು ಅವರೇ, ಅಲ್ವಾ?

ಸಭೆಯಲ್ಲಿ ಒಬ್ಬೊಬ್ಬರು ಐದೈದು ನಿಮಿಷ ಮಾತಾಡಲಿ. ಮಗುವಿನ ಹೆಸರು, ವಯಸ್ಸು, ಈಗ ತಲೆ ತಿನ್ನುತ್ತಿರುವ ಒಂದು ಸಮಸ್ಯೆ. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಸಲಹೆ ಕೊಡುವ ಆತುರ ಬೇಡ. ನಮ್ಮ ಮೊದಲ ಸಭೆಗೆ ಅತಿಥಿಯೊಬ್ಬರನ್ನು ಕರೆದಿದ್ದೆವು, ಅವರು ಒಂದೂವರೆ ತಾಸು ಭಾಷಣ ಮಾಡಿದರು, ಮಕ್ಕಳು ಕುರ್ಚಿ ಬೀಳಿಸಿದರು, ಯಾರೂ ಯಾರ ಜೊತೆಯೂ ಮಾತಾಡಲಿಲ್ಲ. ಅಂದಿನಿಂದ ಅತಿಥಿಗಳಿಗೆ ವರ್ಷಕ್ಕೆ ಎರಡೇ ಸಲ ಅವಕಾಶ.

ಫೋಟೊ ತೆಗೆಯಬೇಡಿ, ಕೇಳದೆ ವಾಟ್ಸಾಪ್‌ಗೆ ಹಾಕಲೇಬೇಡಿ. ಮಗುವಿನ ವಿಷಯ ಇನ್ನೂ ಬೀಗರ ಮನೆಗೆ ಹೇಳದವರು ಬಂದಿರುತ್ತಾರೆ.

ತಿನಿಸಿನ ವಿಷಯ. ಗಿರ್ಮಿಟ್, ಮಿರ್ಚಿ ಭಜಿ ದೊಡ್ಡವರಿಗೆ. ಸಣ್ಣ ಮಕ್ಕಳ ಕೈಗೆ ಚುರುಮರಿ, ಶೇಂಗಾ, ಪುಟಾಣಿ ಕೊಡಬೇಡಿ. ಡೌನ್ ಸಿಂಡ್ರೋಮ್ ಇರುವ ಎಷ್ಟೋ ಮಕ್ಕಳ ಬಾಯಿಯ ಸ್ನಾಯುಗಳು ಸಡಿಲ ಇರುತ್ತವೆ, ಅಗಿಯುವುದು ನುಂಗುವುದು ನಿಧಾನ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬಾಳೆಹಣ್ಣು, ಮೆತ್ತಗಿನ ಇಡ್ಲಿ, ಉಪ್ಪಿಟ್ಟು ಸಾಕು.

ಹಂತ 4: ಪ್ರತಿ ಮಗುವಿಗೆ ಒಂದು ಆರೋಗ್ಯದ ಫೈಲು

ಗುಂಪಿನಿಂದ ಜೀವ ಉಳಿಯುವುದು ಈ ಹಂತದಲ್ಲಿ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಕೆಳಗಿನ ತಪಾಸಣೆಗಳ ರಿಪೋರ್ಟು ಎಲ್ಲ ಆ ಫೈಲಿನಲ್ಲಿ ಇರಲಿ.

ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಸ್ಟೆತಾಸ್ಕೋಪ್ ಇಟ್ಟಾಗ ಸದ್ದು ಕೇಳಿಸದಿದ್ದರೂ ಇರಬಹುದು. ಆದ್ದರಿಂದ "ಮಗು ಆಡ್ತಾ ಇದೆ, ಚೆನ್ನಾಗೇ ಇದೆ" ಅಂತ ಬಿಡದೆ ಎಕೋ ಮಾಡಿಸಲೇಬೇಕು. ಎಕೋ ಅಂದರೆ ಹೃದಯದ ಸ್ಕ್ಯಾನ್, ನೋವಿಲ್ಲ. ಮೊದಲ ತಿಂಗಳಲ್ಲೇ ಆಗಬೇಕಾದ ಕೆಲಸ ಇದು. ಕೆಲವು ರಂಧ್ರಗಳನ್ನು ಮೊದಲ ವರ್ಷದೊಳಗೆ ಶಸ್ತ್ರಚಿಕಿತ್ಸೆ ಮಾಡಿ ಮುಚ್ಚದಿದ್ದರೆ ಶ್ವಾಸಕೋಶಕ್ಕೆ ಪೆಟ್ಟಾಗಿ ಆಮೇಲೆ ಮಾಡಲಾಗದ ಸ್ಥಿತಿ ಬರುತ್ತದೆ. ಹೊಸ ಕುಟುಂಬ ಬಂದ ದಿನ ನೀವು ಕೇಳುವ ಮೊದಲ ಪ್ರಶ್ನೆ "ಎಕೋ ಆಯ್ತಾ?" ಆಗಿರಲಿ. ಶಸ್ತ್ರಚಿಕಿತ್ಸೆ ಬೇಕು ಅಂದರೆ ಮೇಲೆ ಹೇಳಿದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲೇ ಕೇಳಿ, ಹೃದಯದ ಹುಟ್ಟು ದೋಷ ಅದರ ಪಟ್ಟಿಯಲ್ಲಿದೆ.

ಎರಡನೆಯದು ಥೈರಾಯ್ಡ್. ಹುಟ್ಟಿದಾಗ, ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ಪ್ರತಿ ವರ್ಷ ರಕ್ತ ಪರೀಕ್ಷೆ. ಥೈರಾಯ್ಡ್ ಕಡಿಮೆ ಆದರೆ ಮಗು ಮಂಕಾಗುತ್ತದೆ, ದಪ್ಪ ಆಗುತ್ತದೆ, ಮಲಬದ್ಧತೆ ಬರುತ್ತದೆ. ಮನೆಯವರು "ಡೌನ್ ಸಿಂಡ್ರೋಮ್ ಅಲ್ವಾ, ಹೀಗೇ ಇರುತ್ತದೆ" ಅಂದುಕೊಂಡು ಬಿಡುತ್ತಾರೆ. ದಿನಕ್ಕೊಂದು ಸಣ್ಣ ಮಾತ್ರೆಯಿಂದ ಸರಿಹೋಗುವ ತೊಂದರೆಯನ್ನು ವರ್ಷಗಟ್ಟಲೆ ಹೊತ್ತುಕೊಂಡ ಮಕ್ಕಳಿದ್ದಾರೆ. ಎಲ್ಲದಕ್ಕೂ ಡೌನ್ ಸಿಂಡ್ರೋಮ್ ಮೇಲೆ ತಪ್ಪು ಹಾಕುವುದು ದೊಡ್ಡ ಬಲೆ, ಕೆಲವು ವೈದ್ಯರೂ ಇದರಲ್ಲಿ ಬೀಳುತ್ತಾರೆ.

ಕಿವಿ ಮತ್ತು ಕಣ್ಣು. ಕಿವಿಯ ದಾರಿ ಸಣ್ಣದಿರುವುದರಿಂದ ಒಳಗೆ ನೀರು ಕಟ್ಟಿ ಕೇಳುವುದು ಕಡಿಮೆ ಆಗುತ್ತದೆ. ಕೇಳದ ಮಗು ಮಾತು ಹೇಗೆ ಕಲಿಯಬೇಕು? ಮೊದಲ ಕೆಲವು ವರ್ಷ ಆರು ತಿಂಗಳಿಗೊಮ್ಮೆ ಪರೀಕ್ಷೆ ಇರಲಿ. ಕಣ್ಣಿನ ವೈದ್ಯರ ಹತ್ತಿರ ಆರು ತಿಂಗಳೊಳಗೆ ಒಮ್ಮೆ, ಆಮೇಲೆ ಅವರು ಹೇಳಿದಂತೆ.

ಕುತ್ತಿಗೆ. ಕೆಲವರಲ್ಲಿ ತಲೆಬುರುಡೆಯ ಕೆಳಗಿನ ಎರಡು ಮೂಳೆಗಳ ನಡುವಿನ ಕಟ್ಟು ಸಡಿಲ ಇರುತ್ತದೆ. ನಡೆಯುತ್ತಿದ್ದ ಮಗು ಎಡವುವುದು, ಕೈಯ ಬಲ ಕುಂದುವುದು, ಕುತ್ತಿಗೆ ಓರೆ ಹಿಡಿಯುವುದು, ಬಟ್ಟೆಯಲ್ಲಿ ಮೂತ್ರ ಹೋಗಲು ಶುರು ಆಗುವುದು ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಿ. ಲಾಗ, ಶೀರ್ಷಾಸನ, ಕುತ್ತಿಗೆ ಲಟಕ್ ಅನ್ನಿಸುವ ಮಾಲೀಶು ವೈದ್ಯರನ್ನು ಕೇಳದೆ ಮಾಡಿಸಬೇಡಿ. ಬೇರೆ ಕಾಯಿಲೆಗೆ ಅರಿವಳಿಕೆ ಕೊಡುವಾಗಲೂ ಈ ಮಾತು ವೈದ್ಯರ ಕಿವಿಗೆ ಹಾಕಿ.

ಇನ್ನು "ಆರು ತಿಂಗಳಲ್ಲಿ ಗುಣ ಮಾಡುತ್ತೇವೆ" ಅನ್ನುವ ಪುಡಿ, ಸ್ಟೆಮ್ ಸೆಲ್ ಚುಚ್ಚುಮದ್ದು. ಕ್ರೋಮೋಸೋಮನ್ನು ತೆಗೆಯುವ ಔಷಧಿ ಇಲ್ಲ. ಆ ದುಡ್ಡನ್ನು ಫಿಸಿಯೋಥೆರಪಿ ಮತ್ತು ಸ್ಪೀಚ್ ಥೆರಪಿಗೆ ಇಡಿ. ಸ್ಪೀಚ್ ಥೆರಪಿ ಅಂದರೆ ಮಾತಿನ ತರಬೇತಿ, ಮಗು ಮಾತಾಡಲು ಶುರು ಮಾಡುವ ತನಕ ಕಾಯಬೇಕಿಲ್ಲ, ಹೀರುವುದು ನುಂಗುವುದು ಕಲಿಸುವುದರಿಂದಲೇ ಅದು ಶುರು.

ಹಂತ 5: ಕಾಗದಪತ್ರ

ಸರಣಿ ತಪ್ಪಿದರೆ ಓಡಾಟ ಎರಡು ಪಟ್ಟು ಆಗುತ್ತದೆ. ಸರಣಿ ಹೀಗೆ: ಜನನ ಪ್ರಮಾಣಪತ್ರ, ಆಧಾರ್, ಯು.ಡಿ.ಐ.ಡಿ., ಆಮೇಲೆ ಉಳಿದದ್ದು. ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇರಬೇಕು. ಒಂದರಲ್ಲಿ ಅಡ್ಡಹೆಸರು ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಮೊದಲು ಅದನ್ನು ಸರಿ ಮಾಡಿಸಿ, ಆಮೇಲೆ ಮುಂದೆ ಹೋಗಿ.

ಯು.ಡಿ.ಐ.ಡಿ. ಅಂದರೆ ಅಂಗವೈಕಲ್ಯದ ಗುರುತಿನ ಕಾರ್ಡು, ದೇಶಕ್ಕೆಲ್ಲ ಒಂದೇ. ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿ, ಹೇಳಿದ ಸರಕಾರಿ ಆಸ್ಪತ್ರೆಗೆ ತಪಾಸಣೆಗೆ ಹೋಗಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇವೆ, ಡೌನ್ ಸಿಂಡ್ರೋಮ್ ಅಂತ ಪ್ರತ್ಯೇಕ ಹೆಸರಿಲ್ಲ. ಅರ್ಜಿಯಲ್ಲಿ ಹುಡುಕಿ ಸಿಗಲಿಲ್ಲ ಅಂತ ಸುಮ್ಮನಾಗಬೇಡಿ, ಬೌದ್ಧಿಕ ಅಂಗವೈಕಲ್ಯ ಅನ್ನುವುದನ್ನು ಆರಿಸಿ. ಅಂಗವೈಕಲ್ಯದ ಪ್ರಮಾಣ ಶೇಕಡಾ 40 ಮತ್ತು ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚಿನ ಸೌಲಭ್ಯಗಳು ಸಿಗುತ್ತವೆ. ಸಣ್ಣ ಮಕ್ಕಳಿಗೆ ಕೊಡುವ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ ಅವಧಿ ಇರುತ್ತದೆ. ಮುಗಿಯುವ ದಿನವನ್ನು ಗುಂಪಿನ ನೋಟ್‌ಬುಕ್ಕಿನಲ್ಲಿ ಬರೆದಿಡಿ, ಎರಡು ತಿಂಗಳು ಮೊದಲೇ ಒಬ್ಬರು ಫೋನ್ ಮಾಡಿ ನೆನಪಿಸಲಿ.

ತಪಾಸಣೆಯ ದಿನ ಒಂದು ಎಚ್ಚರಿಕೆ. ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎರಡನ್ನೂ ನೇರವಾಗಿ ಹೇಳಿ. ಮನೆಯವರು ನಾವು ಹೊರಗಿನವರ ಎದುರು "ಎಲ್ಲಾ ತಾನೇ ಮಾಡ್ತಾನ್ರಿ" ಅಂತ ಹೆಮ್ಮೆಯಿಂದ ಹೇಳಿಬಿಡುತ್ತೇವೆ. ಗುಂಡಿ ಹಾಕಲು, ಶೌಚಕ್ಕೆ, ಊಟಕ್ಕೆ ಎಷ್ಟು ಸಹಾಯ ಬೇಕು ಅಂತ ಹಿಂದಿನ ರಾತ್ರಿ ಬರೆದುಕೊಂಡು ಹೋಗಿ.

ಕಾರ್ಡು ಕೈಗೆ ಬಂದ ಮೇಲೆ ನಿರಾಮಯ ವಿಮೆ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ನಡೆಯುವ ಯೋಜನೆ ಇದು, ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ. ಮೊದಲೇ ಇರುವ ಕಾಯಿಲೆ ಅಂತ ತಳ್ಳಿಹಾಕುವುದಿಲ್ಲ, ಥೆರಪಿಯ ಖರ್ಚೂ ಒಂದು ಮಿತಿಯಲ್ಲಿ ಸೇರುತ್ತದೆ. ಪ್ರತಿ ವರ್ಷ ನವೀಕರಿಸಬೇಕು, ಬಿಲ್ಲುಗಳ ಮೂಲ ಪ್ರತಿ ಎಸೆಯಬಾರದು. ಮಾಸಾಶನಕ್ಕೆ ನಾಡಕಚೇರಿ. ಬಸ್ ರಿಯಾಯಿತಿ ಪಾಸಿಗೆ ವಾಯವ್ಯ ಸಾರಿಗೆಯವರನ್ನು ಕೇಳಿ. ರೈಲಿನಲ್ಲಿ ಒಬ್ಬರೇ ಹೋಗಲಾಗದವರಿಗೂ ಜೊತೆಗೆ ಹೋಗುವ ಒಬ್ಬರಿಗೂ ಸ್ಲೀಪರ್ ದರದಲ್ಲಿ ಶೇಕಡಾ 75 ಕಡಿತ ಇದೆ, ಅದಕ್ಕೆ ರೈಲ್ವೆಯದೇ ನಮೂನೆಯಲ್ಲಿ ವೈದ್ಯರ ಸಹಿ ಬೇಕು. ಸಂಬಳದವರು ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುತ್ತಿದ್ದರೆ 80ಡಿಡಿ ಅಡಿ 75,000 ರೂಪಾಯಿ ವಿನಾಯಿತಿ ಕೇಳಬಹುದು, ಅಂಗವೈಕಲ್ಯ ಶೇಕಡಾ 80 ಅಥವಾ ಹೆಚ್ಚಿದ್ದರೆ 1,25,000. ಹಳ್ಳಿಯವರು ಪಂಚಾಯಿತಿ ವಿಕಲಚೇತನರಿಗೆ ತೆಗೆದಿಡುವ ಶೇಕಡಾ 5ರ ಅನುದಾನದ ಬಗ್ಗೆ ವಿ.ಆರ್.ಡಬ್ಲ್ಯೂ ಅವರನ್ನು ಕೇಳಿ.

ಇದನ್ನೆಲ್ಲ ಒಬ್ಬರೇ ಮಾಡಲು ಹೋದರೆ ಸುಸ್ತಾಗುತ್ತದೆ. ಗುಂಪಿನಲ್ಲಿ ಒಬ್ಬರು ಯು.ಡಿ.ಐ.ಡಿ. ಪಂಡಿತ, ಒಬ್ಬರು ನಿರಾಮಯ ಪಂಡಿತ ಅಂತ ಹಂಚಿಕೊಳ್ಳಿ. ಒಂದೇ ದಿನ ನಾಲ್ಕು ಕುಟುಂಬ ಕೂಡಿ ಹೋದರೆ ಸರದಿಯಲ್ಲಿ ನಿಂತಾಗ ಮಗುವನ್ನು ಹಿಡಿಯಲು ಕೈಯಾದರೂ ಇರುತ್ತದೆ.

ಹಂತ 6: ಅಂಗನವಾಡಿ ಮತ್ತು ಶಾಲೆ

ಸರಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆ ಅಂಗವೈಕಲ್ಯದ ಕಾರಣಕ್ಕೆ ಮಗುವನ್ನು ಬೇಡ ಅನ್ನುವ ಹಾಗಿಲ್ಲ. ಅಂಗವೈಕಲ್ಯ ಶೇಕಡಾ 40 ಅಥವಾ ಹೆಚ್ಚು ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಇದೆ. ಆದರೆ ಮೊದಲ ದಿನವೇ ಕಾನೂನು ಓದಿ ಹೇಳಬೇಡಿ. ಸೀಟು ಸಿಗಬಹುದು, ಟೀಚರ್ ಮನಸ್ಸು ಸಿಗುವುದಿಲ್ಲ.

ಒಂದು ಪುಟ ಬರೆದು ಕೊಡಿ. ಮಗುವಿಗೆ ಏನು ಇಷ್ಟ, ಶೌಚಕ್ಕೆ ಹೇಗೆ ಸನ್ನೆ ಮಾಡುತ್ತದೆ, ಏನು ಕಂಡರೆ ಹೆದರುತ್ತದೆ, ಒಂದು ಸಲಕ್ಕೆ ಎಷ್ಟು ಮಾತು ಅರ್ಥ ಆಗುತ್ತದೆ. ಕಣ್ಣಿಂದ ನೋಡಿದ್ದು ಕಿವಿಯಿಂದ ಕೇಳಿದ್ದಕ್ಕಿಂತ ಇವರಿಗೆ ಬೇಗ ಹತ್ತುತ್ತದೆ, ಚಿತ್ರ ತೋರಿಸಿ ಕಲಿಸಿ ಅಂತ ಬರೆಯಿರಿ. ಕೂರಿಸುವುದು ಮುಂದಿನ ಸಾಲಿನಲ್ಲಿ ಅಂತಲೂ. ತಾಲೂಕಿನ ಬಿ.ಇ.ಓ. (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಬಿ.ಐ.ಇ.ಆರ್.ಟಿ. ಅನ್ನುವ ಸಂಪನ್ಮೂಲ ಶಿಕ್ಷಕರು ಇರುತ್ತಾರೆ, ವಿಶೇಷ ಅಗತ್ಯದ ಮಕ್ಕಳಿಗೆ ಹೇಗೆ ಕಲಿಸಬೇಕು ಅಂತ ಶಾಲೆಗೆ ಬಂದು ಹೇಳುವುದು ಅವರ ಕೆಲಸ. ಬರೆದು ಕೇಳಿ, ಬರೆದದ್ದಕ್ಕೆ ಸ್ವೀಕೃತಿ ತೆಗೆದುಕೊಳ್ಳಿ.

ಹಂತ 7: ಈಗ ಜಾಗೃತಿ

ಮಾರ್ಚ್ 21 ವಿಶ್ವ ಡೌನ್ ಸಿಂಡ್ರೋಮ್ ದಿನ. 21ನೇ ಕ್ರೋಮೋಸೋಮ್ ಮೂರು, ಆದ್ದರಿಂದ ಮೂರನೇ ತಿಂಗಳ 21. ವಿಶ್ವಸಂಸ್ಥೆ 2012ರಿಂದ ಆಚರಿಸುತ್ತಿದೆ. ಅಂದು ಎರಡು ಕಾಲಿಗೆ ಬೇರೆ ಬೇರೆ ಕಾಲುಚೀಲ ಹಾಕುವ ರೂಢಿ ಇದೆ. ಹುಬ್ಬಳ್ಳಿಯ ಮಾರ್ಚ್ ಬಿಸಿಲಲ್ಲಿ ಕಾಲುಚೀಲ ಯಾರು ಹಾಕುತ್ತಾರೆ? ಎರಡು ಕೈಗೆ ಬೇರೆ ಬಣ್ಣದ ಬಳೆ ಹಾಕಿ, ಕೇಳಿದವರಿಗೆ ಯಾಕೆ ಅಂತ ಹೇಳಿ.

ಶಾಲೆಯಲ್ಲಿ ಕಾರ್ಯಕ್ರಮ ಇಡಬೇಕಾದರೆ ಫೆಬ್ರುವರಿಯಲ್ಲೇ ಮುಗಿಸಿ. ಮಾರ್ಚ್ ಪರೀಕ್ಷೆಯ ತಿಂಗಳು, ಅದರ ಮೇಲೆ ನಮ್ಮಲ್ಲಿ ಹೋಳಿಯ ಗದ್ದಲ.

ಜಾಥಾಕ್ಕಿಂತ ನನಗೆ ಹೆಚ್ಚು ಫಲ ಕಂಡಿರುವುದು ಸಣ್ಣ ಸಭೆಗಳಲ್ಲಿ. ಇಪ್ಪತ್ತು ಅಂಗನವಾಡಿ ಟೀಚರುಗಳ ಜೊತೆ ಒಂದು ತಾಸು. ಬಸ್ ಡಿಪೋದಲ್ಲಿ ಕಂಡಕ್ಟರುಗಳ ಜೊತೆ ಅರ್ಧ ತಾಸು. ಓಣಿಯ ಕ್ಷೌರದ ಅಂಗಡಿಯವರ ಜೊತೆ ಹತ್ತು ನಿಮಿಷ. ಕತ್ತರಿಯ ಸದ್ದಿಗೆ ಹೆದರುವ ಮಗುವನ್ನು ಮೊದಲ ಸಲ ಸುಮ್ನೆ ಕುರ್ಚಿ ಮೇಲೆ ಕೂರಿಸಿ ವಾಪಸ್ ಕಳಿಸುವುದು ಗೊತ್ತಾದರೆ ಅವರೇ ಮಾಡುತ್ತಾರೆ. ಇಂಥ ಸಭೆಗಳಿಗೆ ಡೌನ್ ಸಿಂಡ್ರೋಮ್ ಇರುವ ದೊಡ್ಡವರೊಬ್ಬರು ಬಂದು ಮಾತಾಡಲಿ. ನಾಲ್ಕೇ ವಾಕ್ಯ ಆದರೂ ಸರಿ, ಅವರ ಪರವಾಗಿ ನೀವು ಮಾತಾಡಬೇಡಿ. ನಮ್ಮ ತಂಗಿ ಹೇಳುವುದು ಮೂರೇ: ತನ್ನ ಹೆಸರು, ತಾನು ರೊಟ್ಟಿ ಬಡಿಯುತ್ತೇನೆ ಅನ್ನುವುದು, "ನನಗ ನಿಧಾನ ಮಾತಾಡ್ರಿ" ಅನ್ನುವುದು. ನನ್ನ ಭಾಷಣ ಯಾರಿಗೂ ನೆನಪಿಲ್ಲ.

ಹಂತ 8: ಹದಿನೆಂಟು ದಾಟುವ ಮೊದಲು

ಮಗುವಿಗೆ 18 ತುಂಬಿದ ಮೇಲೆ ಕಾನೂನಿನ ಪ್ರಕಾರ ಅಪ್ಪ ಅಮ್ಮ ತಾವಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. ಬ್ಯಾಂಕಿನಲ್ಲಿ, ಆಸ್ತಿಯ ವಿಷಯದಲ್ಲಿ ಇದು ಒಮ್ಮೆಲೇ ಎದುರಾಗುತ್ತದೆ. ಪೋಷಕರ ನೇಮಕ ಬೇಕಾದರೆ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಎಲ್ಲರಿಗೂ ಇದು ಬೇಕೇ ಬೇಕು ಅಂತಲ್ಲ. ಸ್ವಲ್ಪ ಸಹಾಯ ಇದ್ದರೆ ತನ್ನ ನಿರ್ಧಾರ ತಾನೇ ಮಾಡಬಲ್ಲ ಮಗನ ಸಹಿಯನ್ನು ಕಿತ್ತುಕೊಳ್ಳುವ ಮೊದಲು ಯೋಚಿಸಿ.

ಹಂತ 9: ನೋಂದಣಿ

ಇದು ಕೊನೆಗೆ. ಒಂದು ವರ್ಷ ಸಭೆ ತಪ್ಪದೆ ನಡೆದ ಮೇಲೆ, ದೇಣಿಗೆ ಪಡೆಯಬೇಕು ಅನಿಸಿದಾಗ ಮಾತ್ರ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ 7 ಸದಸ್ಯರು ಬೇಕು. ಏಳೂ ಜನ ಒಂದೇ ಮನೆಯವರು, ಒಂದೇ ಜಾತಿಯವರು ಆಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಎಂಟನೆಯವರು ಬರುವುದಿಲ್ಲ. ಬ್ಯಾಂಕ್ ಖಾತೆ ಸಂಘದ ಹೆಸರಿನಲ್ಲಿ ಇರಲಿ, ಚೆಕ್ಕಿಗೆ ಇಬ್ಬರ ಸಹಿ, ಲೆಕ್ಕ ಪ್ರತಿ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು, ಚಹಾದ ಲೆಕ್ಕವೂ ಸೇರಿ.